ಉಣ್ಣೆ ದಾರದ ವಿಮಾನಯಾನ

ಡಿಸ್ಪ್ಯಾಚ್ ಗುಮಾಸ್ತ ವಿಮಾನ ಹತ್ತುತ್ತಾನೆಂಬ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸ್ಟೋರ್‌ಕೀಪರನಿಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗಿತ್ತು. ಇಬ್ಬರೂ ಪಂಪು ಕಾರ್ಖಾನೆಗೆ ಸೇರಿದ್ದು ಒಂದೇ ವರ್ಷ. ಹೆಡ್ಡಾಫೀಸಿನ ತರಬೇತಿಗೆ ಆರಿಸಿದ್ದು ಮಾತ್ರ ಅವನನ್ನು!

ಕಾರ್ಖಾನೆಯ ನಿಯಮ ವಿಚಿತ್ರವಾಗಿತ್ತು. ಎರಡು ವಿಮಾನ ನಿಲ್ದಾಣಗಳ ನಡುವೆ ಸಾವಿರದ ಐನೂರು ಕಿಲೋಮೀಟರ್ ದಾಟಿದರೆ ವಿಮಾನ, ದಾಟದಿದ್ದರೆ ರೈಲು. ಟೈಪಿಸ್ಟಮ್ಮ ಗೋಡೆಯ ನಕಾಶೆಗೆ ಸ್ಕೇಲಿಟ್ಟು ಸಾವಿರದ ಐನೂರ ಹನ್ನೆರಡು ಎಂದು ಬರೆದುಕೊಟ್ಟಿದ್ದಳು.

‘ಬರೀ ಹನ್ನೆರಡು ಕಿಲೋಮೀಟರಿಗೆ ಇವನು ಮೋಡದ ಮೇಲೆ, ನಾನು ಇಲ್ಲಿ ಬೋಲ್ಟು ಎಣಿಸ್ತಾ ಕೂರಬೇಕಾ?’ ಎಂದು ಸ್ಟೋರ್‌ಕೀಪರ್ ಕುದಿದ.

ಅಷ್ಟರಲ್ಲಿ ಡಿಸ್ಪ್ಯಾಚ್ ಗುಮಾಸ್ತನೇ ಬಂದ. “ಅಣ್ಣಾ, ನಿಮ್ಮ ಹತ್ರ ಒಂದು ಮಾತು ಹೇಳೋದಿತ್ತು...”

“ಆಮೇಲೆ ಹೇಳಪ್ಪಾ, ಕೆಲಸ ಇದೆ.” ಜಂಭ ಕೊಚ್ಚಲು ಬಂದಿದ್ದಾನೆ, ಇನ್ನೇನು!

ಆ ಹನ್ನೆರಡು ಕಿಲೋಮೀಟರನ್ನು ಹೇಗಾದರೂ ಕಳೆಯಲೇಬೇಕೆಂದು ಸ್ಟೋರ್‌ಕೀಪರ್ ಮಧ್ಯಾಹ್ನ ಊಟ ಬಿಟ್ಟು ಮನೆಗೆ ಓಡಿದ. ಪಕ್ಕದ ಮನೆಯ ಮೇಷ್ಟ್ರು, “ನಕಾಶೆ ಚಪ್ಪಟೆ, ಭೂಮಿ ಗುಂಡಗೆ. ಗೋಳದ ಮೇಲೆ ಅಳೀರಿ” ಎಂದು ತಮ್ಮ ಭೂಗೋಳವನ್ನೇ ಕೊಟ್ಟರು. ಹೆಂಡತಿ ಸ್ವೆಟರ್ ಹೆಣೆಯುತ್ತಿದ್ದ ಉಣ್ಣೆಯಿಂದ ಒಂದು ಗೇಣು ಕತ್ತರಿಸಿಕೊಂಡ. ಅವಳ ಬೈಗುಳ ಬೀದಿಯ ತಿರುವಿನವರೆಗೂ ಹಿಂಬಾಲಿಸಿತು.

ಆಫೀಸಿನ ಮೆಟ್ಟಿಲಲ್ಲಿ ಭೂಗೋಳ ಕೈಜಾರಿ ಹದಿನಾಲ್ಕು ಮೆಟ್ಟಿಲು ಉರುಳಿತು. ಒಂದು ಮಹಾಸಾಗರ ನೆಗ್ಗಿತು. ಪುಣ್ಯಕ್ಕೆ ನಿಲ್ದಾಣಗಳಿದ್ದ ನೆಲಕ್ಕೆ ಏನೂ ಆಗಲಿಲ್ಲ.

ಮೊದಲ ಸಲ ಅಳೆದಾಗ ಸಾವಿರದ ಐನೂರ ಇಪ್ಪತ್ತು! ಇದ್ದದ್ದಕ್ಕಿಂತ ಎಂಟು ಹೆಚ್ಚೇ.

“ದಾರದ ದಪ್ಪವೇ ಎಂಬತ್ತು ಕಿಲೋಮೀಟರ್ ಇದೆಯಲ್ರೀ” ಎಂದಳು ಟೈಪಿಸ್ಟಮ್ಮ.

“ಬಿಗಿಯಾಗಿ ಎಳೀರಿ ಸಾರ್” ಎಂದ ಜವಾನ.

ಸ್ಟೋರ್‌ಕೀಪರ್ ಹಲ್ಲು ಕಚ್ಚಿ ಎಳೆದ. ಎಳೆದಲ್ಲೇ ಎರಡೂ ನಿಲ್ದಾಣಗಳ ನೇರಕ್ಕೆ ದಾರಕ್ಕೆ ಶಾಯಿ ಗುರುತು ಹಾಕಿ ಕೈಬಿಟ್ಟ. ಹಿಗ್ಗಿದ್ದ ಉಣ್ಣೆ ಮುದುರಿಕೊಂಡಿತು. ಸ್ಕೇಲಿನ ಮೇಲಿಟ್ಟರೆ ಸಾವಿರದ ನಾನೂರ ಇಪ್ಪತ್ತು! ಕುಣಿಯುವುದೊಂದು ಬಾಕಿ. ವರದಿ ಬರೆದು, ದೊಡ್ಡದಾಗಿ ರುಜು ಹಾಕಿ ಮ್ಯಾನೇಜರರ ಮುಂದಿಟ್ಟ.

“ಭೇಷ್! ಹಾಗಾದ್ರೆ ರೈಲೇ. ಸ್ವಂತ ಪ್ರಯಾಣಕ್ಕೂ ಇಷ್ಟು ಪ್ರಾಮಾಣಿಕತೆ ಯಾರಿಗಿರುತ್ತೆ?”

“ಸ್ವಂತ...?”

“ಡಿಸ್ಪ್ಯಾಚಿನವರಿಗೆ ವಿಮಾನ ಅಂದ್ರೆ ಕೈಕಾಲು ನಡುಗುತ್ತಂತೆ. ನಿಮ್ಮನ್ನು ಕಳಿಸಿ ಅಂತ ಬೆಳಿಗ್ಗೆಯೇ ಬರೆದುಕೊಟ್ರು. ನಿಮಗೆ ಹೇಳಲಿಲ್ವಾ?”

ಸ್ಟೋರ್‌ಕೀಪರ್ ವರದಿಗೆ ಕೈ ಚಾಚಿದ. “ಸಾರ್, ಅದು ಉಣ್ಣೆ ದಾರ, ಹಿಗ್ಗುತ್ತೆ, ಇನ್ನೊಂದ್ಸಲ ಅಳೆದು...”

“ರುಜು ಹಾಕಿದ್ದೀರಲ್ರೀ!”

ಬಾಗಿಲು ದಡಕ್ಕನೆ ತೆರೆಯಿತು. “ರೈಲಂತೆ, ನಿಜವಾ ಸಾರ್? ರೈಲಾದ್ರೆ ನಾನೇ ಹೋಗ್ತೀನಿ!” ಡಿಸ್ಪ್ಯಾಚ್ ಗುಮಾಸ್ತ ಓಡಿಬಂದು ಸ್ಟೋರ್‌ಕೀಪರನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿದ್ದವು. “ನನ್ನ ಭಯ ಹೇಗೋ ತಿಳ್ಕೊಂಡು, ಊಟ ಬಿಟ್ಟು ಅಳೆದ್ರಂತೆ. ಒಡಹುಟ್ಟಿದವರೂ ಇಷ್ಟು ಮಾಡಲ್ಲ ಅಣ್ಣಾ!”

ಮ್ಯಾನೇಜರರೂ ಕರಗಿಹೋದರು. “ಇವರು ವಾಪಸು ಬರೋವರೆಗೆ ಡಿಸ್ಪ್ಯಾಚನ್ನೂ ನೀವೇ ನೋಡ್ಕೊಳ್ಳಿ. ನಿಮಗಿಂತ ಒಳ್ಳೆಯವರು ನನಗೆಲ್ಲಿ ಸಿಗ್ತಾರೆ?”