ಅಣ್ಣನ ಪಾಲಿನ ಉಂಡಿ, ಅಕ್ಕನ ಡಿಎನ್‌ಎ

ನನ್ನ ಹಳೆಯ ದಿನಚರಿಯಲ್ಲಿ ಆಗಸ್ಟ್ ಒಂಬತ್ತು, ಶುಕ್ರವಾರ, ನಾಗರ ಪಂಚಮಿಯ ಪುಟದಲ್ಲಿ ಹೀಗಿದೆ: “ಅಕ್ಕ ಈ ಸಲವೂ ಅಣ್ಣನ ಪಾಲಿನ ಉಂಡಿ ಎತ್ತಿಟ್ಟಳು. ಸೊಸೆ ಉಗುಳಿನ ಪರೀಕ್ಷೆಯ ಮಾತು ತೆಗೆದಳು.” ನಮ್ಮ ಮನೆಯಲ್ಲಿ ಯಾವಾಗಲೂ ಹೀಗೇ. ಅಳಬೇಕಾದ ವಿಷಯಕ್ಕೇ ಕೂತಿರುತ್ತೇವೆ, ನಡುವೆ ಏನೋ ಒಂದು ಆಗಿ ನಗು ಬಂದುಬಿಡುತ್ತದೆ.

ಅಕ್ಕನಿಗೆ ಎಂಬತ್ತು ದಾಟಿದೆ. ಗಂಡ ತೀರಿದ ಮೇಲೆ ಹೈದರಾಬಾದಿನ ಕುಷಾಯಿಗೂಡದ ನಮ್ಮ ಮನೆಯಲ್ಲೇ ಇದ್ದಾಳೆ. ನಮ್ಮ ಅಣ್ಣ ಮೀಸೆ ಮೂಡುವ ವಯಸ್ಸಿನಲ್ಲಿ ಅಪ್ಪನ ಜೊತೆ ಜಗಳಾಡಿ ಮನೆ ಬಿಟ್ಟವನು ಮತ್ತೆ ಬರಲಿಲ್ಲ. ಪಂಚಮಿಗೆ ತಂಗಿಯರು ಅಣ್ಣನ ಬೆನ್ನಿಗೆ ಹಾಲು ಹಚ್ಚುವ ಶಾಸ್ತ್ರ ನಮ್ಮ ಕಡೆ ಉಂಟು. ಬೆನ್ನಿಲ್ಲದ ಹಬ್ಬದಲ್ಲಿ ಅಕ್ಕ ಅವನ ಹೆಸರಿನಲ್ಲಿ ಒಂದು ಶೇಂಗಾ ಉಂಡಿ ಎತ್ತಿಡುತ್ತ ಬಂದಳು. ಸಾಯುವುದರೊಳಗೆ ಅವನೋ ಅವನ ಮಕ್ಕಳೋ ಸಿಗಬೇಕು ಎಂಬುದೊಂದೇ ಅವಳ ಆಸೆ.

ನಾನು ಇತಿಹಾಸದಲ್ಲಿ ಎಂ.ಎ. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲ ಹೆಂಗಸು. ಏಳು ತಲೆಮಾರಿನ ವಂಶವೃಕ್ಷ ಬರೆದಿಟ್ಟಿದ್ದೇನೆ. ಅದರಲ್ಲಿ ಅಣ್ಣನ ಹೆಸರಿನ ಮುಂದೆ ಮಾತ್ರ ಜಾಗ ಖಾಲಿ ಇತ್ತು.

ತೀರ್ಥ

ನನ್ನ ಸೊಸೆ ನಾಚಾರಂನಲ್ಲಿ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದಾಳೆ. ಅವಳೇ ಡಬ್ಬಿ ತರಿಸಿದಳು. “ದೊಡ್ಡಮ್ಮಾ, ಈ ನಳಿಕೆಯೊಳಗ ಉಗುಳ್ರಿ. ಅವರು ನೋಡಿ, ನಿಮ್ಮ ರಕ್ತದವರು ಎಲ್ಲೆಲ್ಲಿ ಇದ್ದಾರ ಅಂತ ಹೇಳ್ತಾರ.”

ಅಕ್ಕ ಮಡಿಯ ಹೆಂಗಸು. “ನನ್ನ ಎಂಜಲ ಊರೂರು ತಿರಗಬೇಕೇನು? ಯಾರ್ಯಾರು ಮುಟ್ಟತಾರೋ! ಪಾಪ ಯಾರಿಗೆ?” ಎಂದಳು.

“ಅಣ್ಣ ಸಿಕ್ಕರ?” ಎಂದೆ ನಾನು.

ಅಕ್ಕ ನಳಿಕೆ ತೆಗೆದುಕೊಂಡು ಉಗುಳಿದಳು. ಆಮೇಲೆ ಆ ಡಬ್ಬಿಗೆ ಹಳದಿ ವಸ್ತ್ರ ಸುತ್ತಿ, ಮೇಲೊಂದು ತುಳಸಿ ದಳ ಇಟ್ಟಳು. ಕೊರಿಯರ್ ಹುಡುಗ ಬಂದಾಗ ತೆಲುಗಿನಲ್ಲಿ, “ಸ್ನಾನಂ ಚೇಶಾವಾ ನಾಯನಾ?” ಎಂದು ಸ್ನಾನ ಆಗಿದೆಯೋ ಇಲ್ಲವೋ ಕೇಳಿದಳು. ಅವನು ಗಾಬರಿಯಾಗಿ, “ಚೇಶಾನಮ್ಮಾ” ಎಂದ. ಅಕ್ಕ ಎರಡೂ ಕೈಯಿಂದ ಡಬ್ಬಿ ಕೊಟ್ಟಳು. ಅವನು ಚಪ್ಪಲಿ ಬಿಟ್ಟು, ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಕೇಳಿದ: “ತಿರುಪತಿ ತೀರ್ಥಮಾ ಅಮ್ಮಾ?”

ನೂರು ಮಂದಿ ಸಾಕ್ಷಿ

ಫಲಿತಾಂಶ ಬಂತು. ಮೊದಲ ಪುಟದಲ್ಲಿ ಬಣ್ಣದ ನಕಾಶೆ. ಅಕ್ಕ ದಕ್ಷಿಣ ಭಾರತದವಳಂತೆ.

“ಇದಕ್ಕ ಉಗುಳಬೇಕಾಗಿತ್ತೇನು? ನನ್ನ ಮಾರಿ ನೋಡಿದ್ರ ಬೀದಿಯವರೂ ಹೇಳ್ತಿದ್ದರು.”

ಕೆಳಗೆ ಇನ್ನೊಂದು ಸೂಚನೆ ಇತ್ತು. ಸೊಸೆ ಅದನ್ನು ಓದಿ ಕೆಂಪಾದಳು. ಬಾಗಿಲು ಹಾಕಿ ಬಂದು ಪಿಸುಗುಟ್ಟಿದಳು: “ದೊಡ್ಡಮ್ಮಾ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ತಾಯಿ-ತಂದಿ ನಡುವ ಮೊದಲೇ ರಕ್ತಸಂಬಂಧ ಇತ್ತು ಅಂತ ಬರದಾರ. ಇಂಥಾದ್ದು ಮನೆಯವರಿಗೆ ಆಘಾತ ಆಗಬಹುದು, ಮೆಲ್ಲಕ ತಿಳಿಸ್ರಿ ಅಂತನೂ ಅದ.”

ನಮ್ಮ ಅಪ್ಪ ತನ್ನ ಅಕ್ಕನ ಹಿರಿಮಗಳನ್ನು ಮದುವೆಯಾದವನು. ಅವನ ತಮ್ಮ, ಅಂದರೆ ನಮ್ಮ ರೈಲ್ವೆ ಕಾಕಾ, ಅದೇ ಚಪ್ಪರದಲ್ಲಿ ಕಿರಿಮಗಳನ್ನು ಮದುವೆಯಾದ. ಅಕ್ಕ ಸೊಸೆಯನ್ನು ಕನಿಕರದಿಂದ ನೋಡಿದಳು.

“ಸೋದರಮಾವನ ಲಗ್ನ ಅದು. ಬಾಗಲಾ ತಗಿ ತಾಯಿ. ಲಗ್ನಕ್ಕ ನೂರು ಮಂದಿ ಉಂಡು, ಎಲಿ-ಅಡಿಕಿ ಹಾಕ್ಕೊಂಡು ಹೋಗ್ಯಾರ.”

ಕಿವಿ

ಚಳಿಗಾಲದಲ್ಲಿ, ಪರೀಕ್ಷೆಯವರು ಕಳಿಸುವ ನಂಟರ ಪಟ್ಟಿಯಲ್ಲಿ ನಾಗಪುರದ ಒಂದು ಹುಡುಗಿ ಕಾಣಿಸಿಕೊಂಡಳು. “ಒಡಹುಟ್ಟಿದವರ ಮೊಮ್ಮಗಳು ಇರಬಹುದು” ಎಂದಿತ್ತು. ಅವಳ ಅಜ್ಜನ ಹೆಸರು ಕೇಳಿದೆವು. ನಮ್ಮ ಅಣ್ಣನ ಹೆಸರೇ!

ಅಕ್ಕ ಗೋಡೆ ಹಿಡಿದು ಕೂತಳು.

ನಾನು ಹೇಳಿದೆ: “ಅಕ್ಕಾ, ತಡಿ. ಅದು ನಮ್ಮ ಅಜ್ಜನ ಹೆಸರು. ಎಲ್ಲಾ ಮನೆಯಾಗ ಹಿರೀಮಗಗ ಅದನ್ನೇ ಇಟ್ಟಾರ. ರೈಲ್ವೆ ಕಾಕಾನ ಮಗನ ಹೆಸರೂ ಅದೇ. ಅವರೂ ನಾಗಪುರದಾಗೇ ಇದ್ದರು.” ಕಾಕಾನ ಮನೆಯ ಜೊತೆ ಅಪ್ಪ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಯಾಕೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

“ನಿನ್ನ ವಂಶವೃಕ್ಷ ನಿನ್ನ ಕಪಾಟಿನಾಗ ಇಡು. ನಾ ಮಾರಿ ನೋಡ್ತೀನಿ.”

ವಿಡಿಯೋ ಕರೆ ಹಚ್ಚಿದೆವು. ಅಕ್ಕ ತನ್ನ ಹೈದರಾಬಾದಿ ಹಿಂದಿಯಲ್ಲಿ ಹುಡುಗಿಯನ್ನು ಕೇಳಿದ ಮೊದಲ ಪ್ರಶ್ನೆ: “ತುಮ್ಹಾರೇ ದಾದಾ ಶೇಂಗಾ ಕಾ ಲಡ್ಡೂ ಖಾತೇ ಕ್ಯಾ?”

“ನಹೀ ದಾದೀ, ಉನ್ಕೋ ಶುಗರ್ ಹೈ.”

ಅಕ್ಕ ನನ್ನತ್ತ ತಿರುಗಿದಳು. “ಶುಗರ್ ಅದ ಅಂದ ಮ್ಯಾಲೆ ನಮ್ಮಾಂವನೇ!”

ಹುಡುಗಿ ಫೋನನ್ನು ಅಜ್ಜನ ಕೈಗೆ ಕೊಟ್ಟಳು. ಅವನಿಗೆ ಕಿವಿ ಮಂದ. ಫೋನು ಕೈಗೆ ಬಂದದ್ದೇ ತಡ, ಕಿವಿಗೆ ಒತ್ತಿಕೊಂಡ. ಮಾತು ಮುಗಿಯುವವರೆಗೂ ನಮಗೆ ಕಂಡದ್ದು ಕೂದಲು ತುಂಬಿದ ಒಂದು ದೊಡ್ಡ ಕಿವಿ ಮಾತ್ರ. ಅಕ್ಕ ಏನು ಕೇಳಿದರೂ ಅವನದು ಒಂದೇ ಉತ್ತರ, “ಬರ್ತೀನವಾ, ಪಂಚಮಿಗೆ ಬರ್ತೀನಿ.”

ಫೋನು ಇಟ್ಟ ಮೇಲೆ ಅಕ್ಕ ಕಣ್ಣೊರೆಸಿಕೊಂಡಳು. “ನೋಡಿದೇನು? ಕಿವಿ ಅಪ್ಪಂದೇ ಅದ.”

ಬೆನ್ನು

ಆ ಪಂಚಮಿಗೆ ಅಕ್ಕ ಬೇಗಂ ಬಜಾರಿನಿಂದ ಶೇಂಗಾ, ಬೆಲ್ಲ ತರಿಸಿ ನಾಲ್ಕು ಮನೆಗಾಗುವಷ್ಟು ಉಂಡಿ ಕಟ್ಟಿದಳು. ಒಂದನ್ನು ರೂಢಿಯಂತೆ ಎತ್ತಿಟ್ಟಳು. “ಈ ಸಲ ಅವನ ಕೈಗೇ ಕೊಡತೀನಿ” ಎಂದಳು.

ಆಟೋದಿಂದ ಮುದುಕ ಇಳಿದ. ಮೊಮ್ಮಗಳು ಕೈ ಹಿಡಿದಿದ್ದಳು. ಅಕ್ಕ ಬಾಗಿಲಲ್ಲೇ ನಿಂತು ಅವನನ್ನು ನೋಡಿದಳು. ನನಗೆ ಮಾತ್ರ ಕೇಳುವಂತೆ, “ರೈಲ್ವೆ ಕಾಕಾನ ಮಗ” ಎಂದಳು. ಆಮೇಲೆ ಗಟ್ಟಿಯಾಗಿ, “ಬಾರೋ ಅಣ್ಣಾ, ಕಾಲಿಗೆ ನೀರು ತಗೋ” ಎಂದಳು. ಕಾಕಾನ ಮಗನೂ ಅಣ್ಣನೇ ತಾನೆ.

ಅಣ್ಣ-ತಮ್ಮಂದಿರು ಅಕ್ಕ-ತಂಗಿಯರನ್ನು, ಅದೂ ಸ್ವಂತ ಅಕ್ಕನ ಮಕ್ಕಳನ್ನು ಮದುವೆಯಾದರೆ ಎರಡೂ ಮನೆಯ ಮಕ್ಕಳ ರಕ್ತ ಹೆಚ್ಚುಕಡಿಮೆ ಒಂದೇ. ಉಗುಳು ನೋಡಿ ಲೆಕ್ಕ ಹಾಕುವವರಿಗೆ ನಮ್ಮ ಲಗ್ನದ ಚಪ್ಪರ ಎಲ್ಲಿ ಗೊತ್ತು?

ಅಕ್ಕ ಅವನನ್ನು ಮಣೆಯ ಮೇಲೆ ಕೂಡಿಸಿ ಬೆನ್ನಿಗೆ ಹಾಲು ಹಚ್ಚಿದಳು. “ಥಂಡಿ ಅದವಾ!” ಎಂದು ಮುದುಕ ಹುಡುಗನಂತೆ ಕೂಗಿದ. ಎಲ್ಲರೂ ನಕ್ಕೆವು. ಅವನೂ ನಗುತ್ತಲೇ ಹೇಳಿದ: “ಹಿಂಗೇ ನಿಮ್ಮಣ್ಣನ ಬೆನ್ನಿಗೆ ಕಡೀ ಜಳಕದ ನೀರು ನಾನೇ ಹಾಕಿದ್ದೆ ನೋಡು.”

ಅಕ್ಕನ ಕೈ ನಿಂತಿತು.

“ಮನಿ ಬಿಟ್ಟಾಂವ ನನ್ನ ಕಡೆನೇ ಬಂದಿದ್ದ. ಮರುವರ್ಷ ಕಾಮಣಿ ಆಗಿ ಕಣ್ಣೆಲ್ಲಾ ಹಳದಿ ಆತು. ದವಾಖಾನಿಗೆ ಹೋದಾಂವ ಹೊಳ್ಳಿ ಬರಲಿಲ್ಲ. ನಾನೇ ಬಂದು ನಿಮ್ಮಪ್ಪಗ ಹೇಳಿ ಹೋದೆನಲ್ಲ. ಯಾಕ, ಮನೆಯಾಗ ಹೇಳಲಿಲ್ಲೇನು?”

ಕಿವಿ ಮಂದವಾದ್ದರಿಂದ ನಾವು ಸುಮ್ಮನಿರುವುದೂ ಅವನಿಗೆ ತಿಳಿಯಲಿಲ್ಲ. ಮುಂದುವರಿಸಿದ: “ಇಕೀ ಕಾಯೋದರ ಮ್ಯಾಲೇ ಬದುಕ್ಯಾಳ, ಹೇಳಬ್ಯಾಡ, ಅಂದಿದ್ದ ನಿಮ್ಮಪ್ಪ. ಇಕೀ ಅಂದ್ರ ನಿಮ್ಮವ್ವ. ಇನ್ನ ನಮ್ಮ ಮನೀಗೆ ಬರಬ್ಯಾಡ್ರಿ, ಬಾಯಿ ತಪ್ಪಿ ಬಂದೀತು, ಅಂತನೂ ಅಂದಿದ್ದ.”

ಅವ್ವ ಕಾಯುತ್ತಲೇ ಹೋಗಿ ಬಹಳ ಕಾಲವಾಯಿತು. ಅಪ್ಪನೂ ಬಾಯಿ ಬಿಡದೆ ಹೋದ.

ಅಕ್ಕ ಸೆರಗಿನಿಂದ ಮುದುಕನ ಬೆನ್ನು ಒರೆಸಿದಳು. ಒರೆಸುತ್ತ ಒಮ್ಮೆಲೇ ನಗತೊಡಗಿದಳು. ನಾನು ಹೆದರಿದೆ.

“ಏ, ನಿನಗ ನೆನಪದೇನು? ಎತ್ತಿಟ್ಟ ಉಂಡಿ ಮರುದಿನ ಮುಂಜಾನೆ ಅಪ್ಪನೇ ತಿಂತಿದ್ದ. ಗ್ವಾಡಿ ಕಡೆ ಮಾರಿ ಮಾಡಿ ತಿಂತಿದ್ದ. ಮುದುಕಗ ಉಂಡಿ ಆಸೆ ಭಾಳ, ಎಲ್ಲರ ಮುಂದ ಕೇಳಾಕ ನಾಚಿಕಿ ಅಂತ ತಿಳದು, ನಾ ಅಣ್ಣನ ಉಂಡಿ ವರ್ಷಾ ವರ್ಷಾ ದೊಡ್ಡದು ಕಟ್ಟಿದೆನೇ! ಕಡೀಕ ತೆಂಗಿನಕಾಯಿ ಅಷ್ಟಾಗಿತ್ತು. ಪಾಪ, ಅಪ್ಪ ಅದನ್ನೂ ಪೂರಾ ತಿಂದ!”

ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಏನೆಂದು ತಿಳಿಯದೆ ಮುದುಕನೂ ನಕ್ಕ. ಹುಡುಗಿ ಮಾತ್ರ ನಮ್ಮ ಕಣ್ಣು ನೋಡಿ ಸುಮ್ಮನೆ ನೀರು ತಂದುಕೊಟ್ಟಳು.

ವಂಶದ ಇತಿಹಾಸಕ್ಕೆ ಈ ಪರೀಕ್ಷೆ ಮಾಡಿಸಬಹುದೇ ಎಂದು ಪರಿಚಯದವರು ಈಗ ನನ್ನನ್ನು ಕೇಳುತ್ತಾರೆ. ಅದು ಹೇಳಿದ ನಂಟು ತಪ್ಪು. ಆ ತಪ್ಪು ಇರದಿದ್ದರೆ ಮುದುಕ ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ. ಮಾಡಿಸಿ ಎನ್ನಲಾರೆ, ಬೇಡ ಎನ್ನಲಾರೆ. ಆದ ಖರ್ಚು ಹೇಳುತ್ತೇನೆ: ಒಂದು ಡಬ್ಬಿಯ ಬೆಲೆ, ನಾಗಪುರದಿಂದ ಇಬ್ಬರು ಬಂದು ಹೋಗುವ ರೈಲು, ಅರ್ಧ ಲೀಟರ್ ಹಾಲು. ವಂಶವೃಕ್ಷದಲ್ಲಿ ಅಣ್ಣನ ಮುಂದಿನ ಖಾಲಿ ಜಾಗದಲ್ಲಿ ಅವನು ತೀರಿದ ವರ್ಷ ಬರೆದೆ. ಎತ್ತಿಟ್ಟ ಉಂಡಿಯನ್ನು ಮರುದಿನ ಮುಂಜಾನೆ ಅಕ್ಕ ಗೋಡೆ ಕಡೆ ಮುಖ ಮಾಡಿ ಕೂತು ತಿಂದಳು.