ತೂಕದ ಪಟ್ಟಿ ಬರೆಯಲು ಹೋಗಿ

ನಾನು ದಪ್ಪಗಿದ್ದೇನೆ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಐವತ್ತೆರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಆಫೀಸಿನ ಕುರ್ಚಿಯನ್ನೋ, ನಮ್ಮ ವಂಶವನ್ನೋ, ಜೋಗುಪಾಳ್ಯದಲ್ಲಿ ನಮ್ಮ ಮನೆಯ ಕೆಳಗೇ ಇರುವ ಬೇಕರಿಯನ್ನೋ ದೂರಿಕೊಂಡು ಕಾಲ ಹಾಕುತ್ತಿದ್ದೆ. ಹಾಗಾಗಿ ಇಂದಿರಾನಗರದ ನಮ್ಮ ಆಫೀಸಿನಲ್ಲಿ ಆರೋಗ್ಯ ತಪಾಸಣೆ ಮಾಡಿಸಿ, ಯಾವ ವಿಭಾಗದಲ್ಲಿ ಎಷ್ಟು ಜನಕ್ಕೆ ಬೊಜ್ಜಿದೆಯೆಂದು ಪಟ್ಟಿ ಮಾಡುತ್ತಾರಂತೆ ಎಂದಾಗ, ಬರೆಯುವ ಕೆಲಸವನ್ನು ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ಬರೆಯುವವನನ್ನು ಯಾರೂ ತೂಗುವುದಿಲ್ಲವಲ್ಲ.

ಡಾಕ್ಟರು ತೂಕ ನೋಡಿ, ಟೇಪಿನಲ್ಲಿ ಸೊಂಟ ಅಳೆದು ಹೇಳುವುದು, ನಾನು ಬರೆಯುವುದು. ದಿನವಿಡೀ ಕೂತಿರುವ ಅಕೌಂಟ್ಸಿನವರಲ್ಲಿ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಆದರೆ ದಿನವಿಡೀ ನಿಂತಿರುವ ಸೆಕ್ಯೂರಿಟಿಯವರೂ ಸಿಕ್ಕಿಬಿದ್ದರು. ಬೈಯಪ್ಪನಹಳ್ಳಿಯ ಬಾಡಿಗೆ ರೂಮುಗಳಿಂದ ಬರುವ ಎಳೆಯ ಇಂಜಿನಿಯರುಗಳಿಗೆ ಮದುವೆಗೆ ಮೊದಲೇ ಹೊಟ್ಟೆ ಬಂದಿತ್ತು. ತೆಳ್ಳಗಿದ್ದವರೆಂದರೆ ಮೇಲಿನ ಮಹಡಿಯ ಸಾಹೇಬರುಗಳು. ಬೆಳಿಗ್ಗೆ ಓಡುವುದಕ್ಕೆ ಅವರಿಗೆ ಪುರುಸೊತ್ತಿದೆ, ಬಂದ ಮೇಲೆ ಹಣ್ಣು ಹೆಚ್ಚಿಕೊಡುವುದಕ್ಕೆ ಅಡುಗೆಯವರಿದ್ದಾರೆ.

ಕೊನೆಗೆ ಸೆಲ್ವಿಯಕ್ಕ ಬಂದರು. ಹಲಸೂರಿನಿಂದ ನಡೆದೇ ಬಂದು ನಾಲ್ಕು ಮಹಡಿಯನ್ನೂ ಗುಡಿಸಿ ಒರೆಸುವವರು. ತೂಕದಲ್ಲಿ ನನಗೆ ಸರಿಸಮ. ಮಂಡಿನೋವೆಂದು ಆ ಪುಟ್ಟ ತೂಕದ ಯಂತ್ರ ಹತ್ತುವುದಕ್ಕೂ ನನ್ನ ಭುಜ ಹಿಡಿದರು. ಊಟ ಕಡಿಮೆ ಮಾಡಿ, ನಡೆಯುವುದು ಜಾಸ್ತಿ ಮಾಡಿ ಎಂದರು ಡಾಕ್ಟರು.

“ಊಟ ಒಂದೇ ಹೊತ್ತು ಸಾರ್. ಮಿಕ್ಕಿದ್ದಕ್ಕೆಲ್ಲ ಟೀ, ಬನ್ನು. ನಡಿಯೋದು ಅಂದ್ರೆ, ದಿನಾ ನಾನು ಮಾಡೋದು ಇನ್ನೇನು?” ಎಂದರು ಸೆಲ್ವಿಯಕ್ಕ.

ಡಾಕ್ಟರು ನನ್ನ ಮುಖ ನೋಡಿದರು, ನಾನು ಪಟ್ಟಿ ನೋಡಿದೆ. ಕಡೆಗೆ ಎಲ್ಲರಿಗೂ ಬರೆಸಿದ್ದನ್ನೇ ಅವರ ಚೀಟಿಯಲ್ಲೂ ನನ್ನ ಕೈಯಿಂದ ಇಂಗ್ಲಿಷಿನಲ್ಲಿ ಬರೆಸಿದರು: ಹೆಚ್ಚು ನಡೆಯಬೇಕು, ಮೆಟ್ಟಿಲು ಹತ್ತಬೇಕು. ಹೊರಗೆ ಬಂದು ಸೆಲ್ವಿಯಕ್ಕ ಏನು ಬರೆದಿದೆಯೆಂದು ಕೇಳಿದಾಗ ನನ್ನ ಬಾಯಿಗೆ ನಿಜ ಬರಲಿಲ್ಲ. ವಿಶ್ರಾಂತಿ ಬೇಕಂತೆ ಎಂದುಬಿಟ್ಟೆ. ತನ್ನ ಮಾತು ಡಾಕ್ಟರಿಗೆ ನಾಟಿತೆಂದು ಅವರಿಗೆ ಬಹಳ ಸಂತೋಷವಾಯಿತು. ನೇರವಾಗಿ ಸೂಪರ್‌ವೈಸರ್ ಹತ್ತಿರ ಹೋಗಿ, ಚೀಟಿ ತೋರಿಸಿ, ನಾಲ್ಕು ದಿನ ಹಗುರವಾದ ಕೆಲಸ ಕೇಳಿದರಂತೆ. ಅವನು ಚೀಟಿ ಓದಿ, ಡಾಕ್ಟರು ಹೇಳಿದಂತೆಯೇ ಆಗಲಿ ಎಂದು ತಾರಸಿಯನ್ನೂ ಇವರಿಗೇ ವಹಿಸಿ, ಲಿಫ್ಟ್ ಹತ್ತಕೂಡದೆಂದ.

ಮಾರನೆಯ ದಿನ ಬಕೆಟ್ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದವರನ್ನು ಕಂಡು, ತಪ್ಪೊಪ್ಪಿಕೊಂಡೆ. ಅವರು ಬೈದಿದ್ದರೆ ವಾಸಿಯಿತ್ತು.

“ಒಂದ್ ಗಳಿಗೆ ಖುಷಿಯಾಗಿದ್ದೆ, ಬಿಡಿ ಸಾರ್,” ಎಂದರು.

ನಾಚಿಕೆ ತಡೆಯಲಾರದೆ ಬಕೆಟ್ ಕಸಿದುಕೊಂಡು ಹತ್ತಿದೆ. ಎರಡನೇ ಮಹಡಿಗೆ ಉಸಿರು ಕೈಕೊಟ್ಟು, ಕಣ್ಣು ಕತ್ತಲಿಟ್ಟು ಮೆಟ್ಟಿಲ ಮೇಲೇ ಕುಸಿದು ಕೂತೆ. ಸೆಲ್ವಿಯಕ್ಕ ಆ ಮಂಡಿಯಲ್ಲೇ ಇಳಿದುಹೋಗಿ ನೀರು ತಂದು ಕುಡಿಸಿ, ಸೆರಗಿನಿಂದ ಗಾಳಿ ಹಾಕತೊಡಗಿದರು. ಅಷ್ಟರಲ್ಲಿ ಬಂದ ಸೂಪರ್‌ವೈಸರ್, ಕೆಲಸ ಬಿಟ್ಟು ಇಲ್ಲೇನು ಮಾಡ್ತಿದೀಯ ಎಂದು ಅವರನ್ನೇ ಗದರಿದ. ತಪ್ಪು ನನ್ನದೆಂದು ಹೇಳಲು ಉಸಿರಿಲ್ಲದೆ ಕೈಯೆತ್ತಿದೆ. ಅವನು ಅದನ್ನು ನಮಸ್ಕಾರವೆಂದುಕೊಂಡು, ತಾನೂ ಒಂದು ನಮಸ್ಕಾರ ಹಾಕಿ ಇಳಿದುಹೋದ. ಉಸಿರು ಬಂದ ಮೇಲೂ ನಾನು ಕೆಳಗೆ ಹೋಗಿ ಹೇಳಲಿಲ್ಲ. ಲಿಫ್ಟ್ ಹತ್ತಬೇಡವೆಂದು ನನಗೆ ಯಾರೂ ಹೇಳಿರದಿದ್ದರೂ, ಹೋದರೆ ಮತ್ತೆ ಮೆಟ್ಟಿಲು ಹತ್ತಬೇಕಾಗುತ್ತದಲ್ಲ ಎಂದುಕೊಂಡೆ.