ಕಾರ್ಡಿಗೆ ನಾನು ಮಾಡಿದ ಆಯುಧಪೂಜೆ

ಪಂಪ್‌ಸೆಟ್ ಬಿಚ್ಚಿ ಜೋಡಿಸಿದ ವಂಶ ನಮ್ಮದು. ರಾಮಮೂರ್ತಿ ನಗರದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಬಾವಿಯ ಮೋಟಾರು ಕೆಟ್ಟರೆ ನಮ್ಮ ತಾತ ಯಾರನ್ನೂ ಕರೆಯುತ್ತಿರಲಿಲ್ಲ, ಸ್ಪ್ಯಾನರ್ ಹಿಡಿದು ತಾವೇ ಇಳಿಯುತ್ತಿದ್ದರು. ಅಂಥವರ ಮೊಮ್ಮಗನಾದ ನಾನು ಅಂಗೈಯಗಲದ ಒಂದು ಗ್ರಾಫಿಕ್ಸ್ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಲಾರೆನೇ? ಸಿಕ್ಕಿಸಿದೆ! ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕಂಪ್ಯೂಟರ್ ನನ್ನ ಹೆಂಡತಿ ಜಯಶ್ರೀಯದು. ಆರು ತಿಂಗಳು ಹಲಸೂರಿಗೆ ಹೋಗಿ ಡಿಟಿಪಿ ಕಲಿತಿದ್ದಳು. ಮೊದಲನೇ ಕೆಲಸವೂ ಸಿಕ್ಕಿತ್ತು. ಪಕ್ಕದ ಮನೆಯ ಮುನಿರತ್ನಮ್ಮನವರ ಮಗಳ ಲಗ್ನಪತ್ರಿಕೆ. ವಿಜಯದಶಮಿಯ ಬೆಳಿಗ್ಗೆ ಮೊದಲ ಪ್ರತಿಯನ್ನು ದೇವರ ಮುಂದಿಟ್ಟು ಆಮೇಲೆ ಪ್ರೆಸ್ಸಿಗೆ ಕೊಡುವುದು ಅವರ ಮನೆಯ ಪದ್ಧತಿ. ಅಂದರೆ ಹಿಂದಿನ ದಿನ, ಆಯುಧಪೂಜೆಯ ಸಂಜೆಯೊಳಗೆ, ಪತ್ರಿಕೆ ಅವರ ಕೈಯಲ್ಲಿರಬೇಕು.

“ಹೊಸ ಕಾರ್ಡು ಹಾಕಿದರೆ ನಿನ್ನ ಅಕ್ಷರ ಮುತ್ತಿನ ಹಾಗೆ ಕಾಣುತ್ತೆ” ಎಂದು ಅವಳಿಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಕ್ರಿಕೆಟ್ ಆಟ. ಹಳೇ ಕಾರ್ಡಿನಲ್ಲಿ ಬೌಲರ್ ಓಡಿ ಬರುವಷ್ಟರಲ್ಲಿ ನಾನು ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಹೀಗಾಗಿ ಹಬ್ಬದ ಹಿಂದಿನ ಸಂಜೆ ಅದನ್ನು ಕಿತ್ತು, ಶಿವಾಜಿನಗರದ ಅಂಗಡಿಯೊಂದರಲ್ಲಿ ಎಕ್ಸ್‌ಚೇಂಜಿಗೆ ಕೊಟ್ಟು, ಹೊಸದನ್ನು ತಂದಿದ್ದೆ. ಹಿಂದಕ್ಕೆ ಹೋಗುವ ದಾರಿಯನ್ನು ನಾನೇ ಮುಚ್ಚಿಕೊಂಡು ಬಂದಿದ್ದೆ ಅನ್ನುವುದು ಆಗ ಹೊಳೆಯಲಿಲ್ಲ.

ಹಬ್ಬದ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಕೂತೆ. ಮಹಡಿ ಮೇಲಿನ ಬಾಡಿಗೆದಾರ ಶಿವಾನಂದ ಮೆಟ್ಟಿಲಿಳಿಯುತ್ತಾ ಇಣುಕಿದ. ಬಾಗಲಕೋಟೆ ಕಡೆಯ ಹುಡುಗ, ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ಇಡೀ ದಿನ ಕಂಪ್ಯೂಟರಿನ ಜೊತೆಯೇ ಅವನ ಸಂಸಾರ.

“ಸರ್, ನಾ ಹಾಕಿ ಕೊಡ್ಲೇನ್ರಿ? ಹತ್ತು ನಿಮಿಷದ ಕೆಲ್ಸ ಐತಿ.”

“ಬೇಡ ಕಣಪ್ಪಾ. ನಮ್ಮದು ಮೆಷೀನ್ ಕೆಲಸ ಗೊತ್ತಿರೋ ಮನೆ!” ಎಂದೆ. ಅವನು ನಕ್ಕು ಹೋದ. ಆ ನಗು ನನಗೆ ಹಿಡಿಸಲಿಲ್ಲ.

ಆಯುಧಪೂಜೆಯ ದಿನ ಹೊಸ ಸಾಮಾನನ್ನು ಪೂಜೆಯಿಲ್ಲದೆ ಕೆಲಸಕ್ಕೆ ಹಚ್ಚುವುದುಂಟೇ? ಕಾರ್ಡನ್ನು ದೇವರ ಮುಂದೆ ಮಣೆಯ ಮೇಲೆ ಮಲಗಿಸಿದೆ. ಅದರ ಕೆಳ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳಿದ್ದವು, ಕಣ್ಣಿಗೆ ಹಬ್ಬ! ಅರಿಶಿನ ಕಲಸಿ ಉದ್ದಕ್ಕೂ ಬಳಿದೆ. ಮೇಲೆ ಕುಂಕುಮದ ಬೊಟ್ಟು. ಊದುಬತ್ತಿ ಬೆಳಗಿ, ಕೈಮುಗಿದು, ಕಂಪ್ಯೂಟರಿನ ಹೊಟ್ಟೆಯೊಳಗೆ ಗಟ್ಟಿಯಾಗಿ ಒತ್ತಿ ಕೂರಿಸಿದೆ. ತಾತ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಸ್ವಿಚ್ ಹಾಕಿದೆ. ಡಬ್ಬದೊಳಗಿಂದ ಒಂದು ಉದ್ದ ಕೂಗು, ಎರಡು ಗಿಡ್ಡ ಕೂಗು. ಪರದೆ ಕಪ್ಪು. ಕಪ್ಪಿನ ನಡುವೆ ಒಂದು ಪುಟ್ಟ ಚೌಕ ಕಾಣಿಸಿಕೊಂಡಿತು. ‘ಸಿಗ್ನಲ್ ಕೇಬಲ್ ಪರೀಕ್ಷಿಸಿ’ ಎಂದು ಅದರೊಳಗೆ ಇಂಗ್ಲಿಷಿನಲ್ಲಿ ಅಪ್ಪಣೆ!

ಪರೀಕ್ಷಿಸಿದೆ. ಕಿತ್ತು ಹಾಕಿದೆ. ಊದಿ ಹಾಕಿದೆ. ಚೌಕ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಪಾರ್ಕಿನಲ್ಲಿ ವಾಕಿಂಗ್ ಹೊರಟವರ ಹಾಗೆ ತಿರುಗಾಡುತ್ತಲೇ ಇತ್ತು. ನನ್ನ ಮನೆಯಲ್ಲಿ, ನನ್ನ ಮೇಜಿನ ಮೇಲೆ ಕೂತು, ನನಗೇ ಕೆಲಸ ಹೇಳುವುದೆಂದರೇನು?

“ಪರೀಕ್ಷೆ ಮಾಡಿದೀನಿ ಅಂತ ಎಷ್ಟು ಸಲ ಹೇಳ್ಬೇಕು?” ಎಂದು ಕೂಗಿದೆ.

ಅಡುಗೆಮನೆಯಿಂದ ಜಯಶ್ರೀ ಬಂದಳು. “ಯಾರ್ ಜೊತೆ ಜಗಳ?”

“ಮಾನಿಟರ್ ಕೆಟ್ಟಿದೆ.”

“ನಿನ್ನೆ ಚೆನ್ನಾಗಿತ್ತಲ್ರೀ! ರೀ, ಸಂಜೆ ಪತ್ರಿಕೆ ಕೊಡ್ಬೇಕು. ನನ್ನ ಮೊದಲನೇ ಕೆಲಸ. ಶಿವಾನಂದ್ ಅವರನ್ನ ಒಂದ್ ಸಲ ಕರೀಲಾ?”

“ಅವನನ್ನ ಕರೆದರೆ ನಾನು ಈ ಮನೇಲಿ ಇರಲ್ಲ!” ಎಂದೆ. ಹೇಳಿದ ಮಾತಿಗೆ ತಪ್ಪಲಿಲ್ಲ. ಮಾನಿಟರನ್ನು ತಬ್ಬಿಕೊಂಡು ಆಟೋ ಹತ್ತಿದೆ.

ಆ ಕಾಲದ ಮಾನಿಟರ್ ಎಂದರೆ ಗೋಡೆಗೆ ತೂಗುಹಾಕುವ ಹಲಗೆಯಲ್ಲ. ಹಿಂಭಾಗ ಒಂದು ಮೊಳ ಉದ್ದ, ಭಾರವೋ ನೀರು ತುಂಬಿದ ಕೊಳಗದಷ್ಟು. ಆಟೋದ ಎರಡೂ ಕಡೆ ಬಾಳೆಕಂದು ಕಟ್ಟಿದ್ದರಿಂದ ಎಲೆಯೊಂದು ದಾರಿಯುದ್ದಕ್ಕೂ ನನ್ನ ಕೆನ್ನೆಗೆ ಬಾರಿಸುತ್ತಿತ್ತು. ಹಲಸೂರಿನ ಹತ್ತಿರ ರಸ್ತೆ ನಡುವೆ ಒಡೆದ ಬೂದುಗುಂಬಳದ ಮೇಲೆ ಆಟೋ ಜಾರಿತು. ನನ್ನ ಪ್ರಾಣ ಹೋದರೂ ಪರವಾಗಿಲ್ಲ ಎಂದು ಮಾನಿಟರನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ.

ಶಿವಾಜಿನಗರದ ಅಂಗಡಿಯ ಭಾಯ್ ಮಾನಿಟರಿಗೆ ತನ್ನ ವೈರು ಸಿಕ್ಕಿಸಿದರು. ಹಸಿರು ಗುಡ್ಡ, ನೀಲಿ ಆಕಾಶ, ಜಗಜಗ!

“ಸಾಬ್, ಮಾನಿಟರ್ ಏಕ್‌ದಂ ಚೆನ್ನಾಗಿದೆ.”

“ಹಾಗಾದ್ರೆ ನೀವು ಕೊಟ್ಟ ಕಾರ್ಡೇ ಡಬ್ಬಾ!” ನನ್ನ ದನಿಗೆ ಪಕ್ಕದ ಅಂಗಡಿಯವರೂ ಹೊರಗೆ ಬಂದರು. ಗ್ರಾಹಕರ ಹಕ್ಕು, ಕೋರ್ಟು, ಪೇಪರಿನವರಿಗೆ ದೂರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಭಾಯ್ ಶಾಂತವಾಗಿ ಕೇಳಿಸಿಕೊಂಡರು. “ಆಯ್ತು ಸಾಬ್. ಕಾರ್ಡ್ ಕೊಡಿ, ನೋಡ್ತೀನಿ.”

ಕಾರ್ಡು ಮನೆಯಲ್ಲಿತ್ತು.

ಮತ್ತೆ ಮಾನಿಟರ್ ತಬ್ಬಿಕೊಂಡು ಆಟೋ, ಮತ್ತೆ ಬಾಳೆಎಲೆಯ ಏಟು. ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಸೋಫಾದಲ್ಲಿ ಮುನಿರತ್ನಮ್ಮನವರು ಕೂತಿದ್ದರು, ಕೈಯಲ್ಲಿ ಆಹ್ವಾನಿಸುವವರ ಹೆಸರಿನ ಪಟ್ಟಿ.

“ಆಗುತ್ತೇನಪ್ಪಾ? ಇಲ್ಲಾಂದ್ರೆ ಹೇಳ್ಬಿಡು, ಬೇರೆ ಕಡೆ ಕೊಡ್ತೀವಿ. ದೇವರ ಕೆಲಸ, ತಡ ಆಗಬಾರದು.”

ಜಯಶ್ರೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು. ಅಷ್ಟಾದರೂ ಬಾಯಿಯಿಂದ ಬಂದದ್ದು, “ಒಂದು ಗಂಟೆ ಕೊಡಿ! ಆ ಅಂಗಡಿಯವನಿಗೆ ಬುದ್ಧಿ ಕಲಿಸಿ ಬರ್ತೀನಿ!” ಈ ಸಲ ಇಡೀ ಸಿಪಿಯು ಡಬ್ಬವನ್ನೇ ಎತ್ತಿಕೊಂಡು ಹೊರಟೆ.

ಭಾಯ್ ಡಬ್ಬದ ಮುಚ್ಚಳ ತೆಗೆದು, ಕಾರ್ಡನ್ನು ಮೆಲ್ಲಗೆ ಎಳೆದು, ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದು ಮೂಸಿದರು. ನನ್ನನ್ನು ನೋಡಿದರು. ಮತ್ತೆ ಮೂಸಿದರು.

“ಸಾಬ್, ಇದಕ್ಕೆ ಏನು ಹಾಕಿದೀರಿ?”

“ಏನ್ ಹಾಕೋದು? ಪೂಜೆ ಮಾಡಿದೀನಿ. ಅರಿಶಿನ, ಕುಂಕುಮ. ತಪ್ಪೇನು?”

“ತಪ್ಪಿಲ್ಲ ಸಾಬ್. ನಾನೂ ಗಾಡಿಗೆ ಹಾರ ಹಾಕ್ತೀನಿ. ಆದ್ರೆ ಪೂಜೆ ಡಬ್ಬಕ್ಕೆ ಮಾಡಿ, ಕರೆಂಟ್ ಹೋಗೋ ದಾರಿಗೆ ಬೇಡ.”

ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು ಹಲ್ಲುಗಳನ್ನು ಒಂದೊಂದಾಗಿ ಉಜ್ಜಿದರು. ಬ್ರಷ್‌ನಿಂದ ಕಾರ್ಡು ಕೂರುವ ಸಂದಿಯನ್ನೂ ಗುಡಿಸಿದರು. ಮೇಜಿನ ಮೇಲೆ ಹಳದಿ ಪುಡಿ ಉದುರಿತು. ಬೆಳಿಗ್ಗೆ ಹೊರಗೆ ಬಂದಿದ್ದ ಪಕ್ಕದ ಅಂಗಡಿಯವರು ಈಗ ಒಳಗೇ ಬಂದು ನಿಂತು ನೋಡಿದರು. ಕಾರ್ಡನ್ನು ಮತ್ತೆ ಕೂರಿಸಿ ಸ್ವಿಚ್ ಹಾಕಿದಾಗ ಒಂದೇ ಒಂದು ಗಿಡ್ಡ ಕೂಗು, ಪರದೆಯ ತುಂಬ ಬೆಳಕು. ಕೋರ್ಟಿನ ವಿಷಯವನ್ನು ಭಾಯ್ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಜಗಳಕ್ಕಾದರೂ ಒಂದು ದಾರಿ ಸಿಗುತ್ತಿತ್ತು.

ಐದೂವರೆಗೆ ಮನೆ ಸೇರಿದೆ. ಮುನಿರತ್ನಮ್ಮನವರಿಲ್ಲ, ಜಯಶ್ರೀಯೂ ಇಲ್ಲ, ಮೇಜಿನ ಮೇಲಿನ ಪ್ರಿಂಟರ್ ಕೂಡ ಇಲ್ಲ! ಮಹಡಿಯಿಂದ ನಗು ಕೇಳಿಸಿತು, ಹತ್ತಿ ಹೋದೆ. ನಾನು ಎರಡನೇ ಸಲ ಹೊರಟ ಐದೇ ನಿಮಿಷಕ್ಕೆ ಅವಳು ಕನ್ನಡ ಅಕ್ಷರದ ಸಿ.ಡಿ. ಹಿಡಿದು ಮೇಲೆ ಹೋಗಿದ್ದಳಂತೆ. ಪ್ರಿಂಟರನ್ನು ಶಿವಾನಂದ ಹೊತ್ತನಂತೆ. ಇಡೀ ಪತ್ರಿಕೆಯನ್ನು ಅವನ ಕಂಪ್ಯೂಟರಿನಲ್ಲಿ ಮೊದಲಿಂದ ಟೈಪು ಮಾಡಿ, ಮುನಿರತ್ನಮ್ಮನವರ ಕೈಗೆ ಕೊಟ್ಟು, ಅವರು ಹರಸಿ ಹೋಗಿಯೂ ಆಗಿತ್ತು.

“ನನಗೋಸ್ಕರ ಒಂದು ಗಂಟೆ ಕಾಯೋಕೆ ಆಗ್ಲಿಲ್ವಾ?” ಎಂದು ಗುಡುಗಿದೆ.

“ಕಾದಿದ್ರೆ ಹುಡುಗಿಗೆ ಮಗು ಹುಟ್ಟಿದ ಮೇಲೆ ಲಗ್ನಪತ್ರಿಕೆ ಕೊಡ್ಬೇಕಾಗಿತ್ತು.”

ಸಿಟ್ಟಿನಿಂದಲೇ ಕೆಳಗಿಳಿದು ಎಲ್ಲ ವೈರುಗಳನ್ನೂ ಜೋಡಿಸಿದೆ. ಸ್ವಿಚ್ ಹಾಕಿದೆ. ಬೆಳಗಿತು! ಕುರ್ಚಿಯಲ್ಲಿ ಕೂತು, ಎದೆಯುಬ್ಬಿಸಿ, ಇಬ್ಬರನ್ನೂ ಕೂಗಿ ಕರೆದೆ. ಜಯಶ್ರೀ ಬಂದು ಪರದೆಯನ್ನು ಒಂದು ಕ್ಷಣ ನೋಡಿದಳು.

“ಸರಿಯಾಯ್ತಾ? ಒಳ್ಳೇದಾಯ್ತು. ಸ್ವಲ್ಪ ಏಳ್ತೀರಾ? ಮುನಿರತ್ನಮ್ಮನವರ ತಂಗಿ ಮನೆಯದು ಗೃಹಪ್ರವೇಶದ ಪತ್ರಿಕೆ ಬಂದಿದೆ.”

ಎದ್ದೆ. ಆಮೇಲೆ ನಾಮಕರಣ ಬಂತು, ಉಪನಯನ ಬಂತು, ಬೀದಿಯ ಗಣೇಶೋತ್ಸವದ ಕರಪತ್ರ ಬಂತು. ಆ ಕುರ್ಚಿ ಇವತ್ತಿನವರೆಗೂ ಖಾಲಿಯಾಗಿಲ್ಲ!